ವಿಕಿಪೀಡಿಯ ಲೈಬ್ರರಿ: ಕೊಡಗಿನ ಸಂಪಾದಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು, ಸೋಮವಾರಪೇಟೆಗಳಲ್ಲಿ ಕುಳಿತು ಕನ್ನಡ ವಿಕಿಪೀಡಿಯಕ್ಕೆ ಬರೆಯುವವರಲ್ಲಿ ನನಗೆ ಪರಿಚಯವಿರುವ ಹೆಚ್ಚಿನವರಿಗೆ ಯಾವ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಸದಸ್ಯತ್ವವೂ ಇಲ್ಲ. ಒಬ್ಬರು ತೋಟ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ನಿವೃತ್ತರು, ಮತ್ತೊಬ್ಬರು ಪದವಿ ಓದುತ್ತಿದ್ದಾರೆ. ಸಂಶೋಧನಾ ಲೇಖನವೊಂದರ ಮೊದಲ ಪುಟ ತೆರೆದು, ಮುಂದಿನ ಪುಟಕ್ಕೆ ಡಾಲರಿನಲ್ಲಿ ಹಣ ಕೇಳಿದಾಗ ಕಿಟಕಿ ಮುಚ್ಚುವುದು ಇವರೆಲ್ಲರಿಗೂ ರೂಢಿಯಾಗಿಬಿಟ್ಟಿದೆ. ಅವರು ನನ್ನನ್ನು ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.

ವಿಕಿಪೀಡಿಯ ಲೈಬ್ರರಿ ಎಂದರೆ ಏನು?

ವಿಕಿಪೀಡಿಯ ಮತ್ತು ಅದರ ಸೋದರ ಯೋಜನೆಗಳಲ್ಲಿ ಸಂಬಳವಿಲ್ಲದೆ ದುಡಿಯುವ ಸಂಪಾದಕರಿಗೆ, ಸಾಮಾನ್ಯವಾಗಿ ಚಂದಾ ಕಟ್ಟಿ ಓದಬೇಕಾದ ಸಂಶೋಧನಾ ಪತ್ರಿಕೆಗಳನ್ನೂ ವಿದ್ವತ್ ಗ್ರಂಥಗಳನ್ನೂ ಹಳೆಯ ವೃತ್ತಪತ್ರಿಕೆಗಳ ಸಂಗ್ರಹಗಳನ್ನೂ ಉಚಿತವಾಗಿ ತೆರೆದುಕೊಡುವ ವ್ಯವಸ್ಥೆ ಇದು. ವಿಕಿಮೀಡಿಯ ಫೌಂಡೇಶನ್ ಇದನ್ನು ನಡೆಸುತ್ತದೆ. ಪ್ರವೇಶವನ್ನು ಪ್ರಕಾಶಕರು ಕೊಡುಗೆಯಾಗಿ ನೀಡುತ್ತಾರೆ. ಹೆಸರಿನಲ್ಲಿ ಲೈಬ್ರರಿ ಎಂದಿದ್ದರೂ ಇದಕ್ಕೆ ಕಟ್ಟಡವಿಲ್ಲ, ಸ್ವಂತದ್ದೆನ್ನುವ ಒಂದು ಪುಸ್ತಕವೂ ಇಲ್ಲ. ಬೇರೆಯವರ ಗ್ರಂಥಭಂಡಾರಗಳ ಬೀಗದ ಕೈಗಳನ್ನು ಒಂದೇ ಗೊಂಚಲಿನಲ್ಲಿ ಪೋಣಿಸಿ ಕೊಟ್ಟಂತೆ ಎಂದುಕೊಳ್ಳಬಹುದು.

ಆರಂಭದ ವರ್ಷಗಳಲ್ಲಿ ಒಂದೊಂದು ಸಂಗ್ರಹಕ್ಕೂ ಬೇರೆ ಬೇರೆ ಅರ್ಜಿ ಹಾಕಿ, ಸೀಮಿತ ಸಂಖ್ಯೆಯ ಖಾತೆಗಳಲ್ಲಿ ಒಂದು ತೆರವಾಗುವುದನ್ನು ಕಾಯುತ್ತ ಕೂರಬೇಕಾಗಿತ್ತು. ಈಗ ಹೆಚ್ಚಿನ ಸಂಗ್ರಹಗಳು ಒಂದೇ ಪ್ರವೇಶದಲ್ಲಿ ತೆರೆದುಕೊಳ್ಳುತ್ತವೆ.

ಕೊಡಗಿನ ಬಗ್ಗೆ ಬರೆಯುವುದಕ್ಕೆ ಇಂಗ್ಲಿಷ್ ಸಂಶೋಧನಾ ಪತ್ರಿಕೆಗಳು ಏಕೆ ಬೇಕು? ನಮ್ಮ ಊರು ನಮಗೆ ಗೊತ್ತಿಲ್ಲವೇ?

ಗೊತ್ತಿದೆ. ಆದರೆ ವಿಕಿಪೀಡಿಯದಲ್ಲಿ ಬರೆಯುವವರ ತಿಳಿವಳಿಕೆಗೆ ಬೆಲೆಯಿಲ್ಲ. ಪ್ರಕಟವಾದ ಆಧಾರಕ್ಕೆ ಮಾತ್ರ ಬೆಲೆ. ಕೊಡಗಿನ ವಿಷಯದಲ್ಲಿ ಈ ನಿಯಮ ಒಂದು ವಿಚಿತ್ರ ಸನ್ನಿವೇಶವನ್ನು ಉಂಟುಮಾಡಿದೆ. 4,102 ಚದರ ಕಿಲೋಮೀಟರ್ ವಿಸ್ತಾರದ, 2011ರ ಜನಗಣತಿಯಂತೆ ಐದೂವರೆ ಲಕ್ಷದಷ್ಟು ಜನಸಂಖ್ಯೆಯ ಈ ಪುಟ್ಟ ಜಿಲ್ಲೆಯ ಬಗ್ಗೆ ವಿದ್ವಾಂಸರು ಬರೆದದ್ದು ಕಡಿಮೆಯೇನಲ್ಲ. ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು ಬರೆದ, 1952ರಲ್ಲಿ ಪ್ರಕಟವಾದ ಗ್ರಂಥವು ಸಂಸ್ಕೃತೀಕರಣ ಎಂಬ ಪರಿಕಲ್ಪನೆಯನ್ನೇ ಸಮಾಜಶಾಸ್ತ್ರಕ್ಕೆ ಪರಿಚಯಿಸಿತು. ಭಾಷಾವಿಜ್ಞಾನಿ ಎಂ.ಬಿ. ಎಮೆನೊ ಅವರು 1930ರ ದಶಕದಲ್ಲಿ ಇಲ್ಲಿಗೆ ಬಂದು ಕೊಡವರ ಭಾಷೆಯಾದ ಕೊಡವ ತಕ್ಕ್ ಅನ್ನು ಅಧ್ಯಯನ ಮಾಡಿ, ಅದರ ಸ್ವರಗಳನ್ನು ಕುರಿತ ಲೇಖನವನ್ನು 1970ರಲ್ಲಿ ಅಮೆರಿಕದ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ದೇವರಕಾಡುಗಳ ಮರಗಳು, ಕಾಫಿ ತೋಟದ ನೆರಳಿನಲ್ಲಿ ಬದುಕುವ ಹಕ್ಕಿಗಳು, ತೋಟಕ್ಕೆ ಇಳಿಯುವ ಆನೆಗಳು, 2018ರ ಆಗಸ್ಟ್‌ನಲ್ಲಿ ಜರಿದ ಗುಡ್ಡಗಳು ಹೀಗೆ ಎಲ್ಲದರ ಮೇಲೂ ಪ್ರಬಂಧಗಳಿವೆ. ಇವುಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲಿವೆ, ಹಲವು ಚಂದಾದ ಬೀಗದ ಹಿಂದೆ ಇವೆ. ಯಾರ ತೋಟದ ಮಣ್ಣನ್ನು ಅಗೆದು ಪ್ರಬಂಧ ಬರೆದರೋ ಆ ತೋಟದವರಿಗೆ ಅದನ್ನು ಓದಲು ಆಗುವುದಿಲ್ಲ. ಕನ್ನಡದಲ್ಲಿ ವಿಶ್ವಾಸಾರ್ಹ ಉಲ್ಲೇಖದೊಂದಿಗೆ ಎರಡು ವಾಕ್ಯ ಬರೆದರೂ ಆ ತಿಳಿವಳಿಕೆಯ ಒಂದು ಅಂಶ ಊರಿಗೆ ಮರಳಿದಂತಾಗುತ್ತದೆ; ನಾನು ಈ ಸೌಲಭ್ಯದ ಹಿಂದೆ ಬಿದ್ದಿರುವುದು ಅದಕ್ಕಾಗಿಯೇ.

ಯಾರಿಗೆ ಪ್ರವೇಶ ಸಿಗುತ್ತದೆ?

ನಾಲ್ಕು ಷರತ್ತುಗಳಿವೆ. ನಿಮ್ಮ ಖಾತೆಯಲ್ಲಿ ಒಟ್ಟು 500 ಸಂಪಾದನೆಗಳಾದರೂ (ಒಂದು ಪುಟವನ್ನು ಒಮ್ಮೆ ತಿದ್ದಿ ಉಳಿಸಿದರೆ ಒಂದು ಸಂಪಾದನೆ) ಇರಬೇಕು. ಖಾತೆಗೆ ಕನಿಷ್ಠ 6 ತಿಂಗಳಾಗಿರಬೇಕು. ಕಳೆದ ಒಂದು ತಿಂಗಳಿನಲ್ಲಿ 10 ಸಂಪಾದನೆಗಳನ್ನಾದರೂ ಮಾಡಿರಬೇಕು. ಮತ್ತು ಖಾತೆಯ ಮೇಲೆ ಜಾರಿಯಲ್ಲಿರುವ ಯಾವುದೇ ತಡೆ ಇರಬಾರದು. ಪದವಿ, ಉದ್ಯೋಗ, ವಯಸ್ಸು, ಊರು ಇವುಗಳನ್ನು ಯಾರೂ ಕೇಳುವುದಿಲ್ಲ. ಷರತ್ತುಗಳು ಪೂರೈಸಿವೆಯೇ ಎಂಬುದನ್ನು ವ್ಯವಸ್ಥೆಯು ತಾನೇ ಪರಿಶೀಲಿಸುತ್ತದೆ. ಯಾರ ಶಿಫಾರಸೂ ಬೇಕಾಗಿಲ್ಲ.

500 ಸಂಪಾದನೆಗಳೂ ಕನ್ನಡ ವಿಕಿಪೀಡಿಯದಲ್ಲೇ ಆಗಿರಬೇಕೇ?

ಬೇಕಾಗಿಲ್ಲ. ಎಲ್ಲ ವಿಕಿಮೀಡಿಯ ಯೋಜನೆಗಳಲ್ಲಿ ಒಂದೇ ಖಾತೆಯಿಂದ ಮಾಡಿದ ಕೆಲಸವನ್ನು ಕೂಡಿಸಿ ಲೆಕ್ಕ ಹಾಕಲಾಗುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕದ ಪುಟಗಳ ಕರಡು ತಿದ್ದಿದ್ದೂ, ಕಾಮನ್ಸ್‌ನಲ್ಲಿ ಚಿತ್ರದ ವಿವರಣೆ ಸೇರಿಸಿದ್ದೂ, ವಿಕಿಡೇಟಾದಲ್ಲಿ ಗ್ರಾಮಗಳ ಕನ್ನಡ ಹೆಸರು ತುಂಬಿದ್ದೂ ಲೆಕ್ಕಕ್ಕೆ ಬರುತ್ತದೆ.

ಸಂಖ್ಯೆ ತುಂಬಿಸುವುದಕ್ಕಾಗಿ ಒಂದು ಅಲ್ಪವಿರಾಮ ಹಾಕಿ ಉಳಿಸುವುದು, ಅದನ್ನೇ ತೆಗೆದು ಮತ್ತೆ ಉಳಿಸುವುದು ಮಾಡಿದವರನ್ನು ನಾನು ಕಂಡಿದ್ದೇನೆ. ಪುಟದ ಇತಿಹಾಸದಲ್ಲಿ ಅದು ಎಲ್ಲರಿಗೂ ಕಾಣುತ್ತದೆ ಎಂಬುದನ್ನು ಅವರು ಮರೆತಿರುತ್ತಾರೆ. ನಿಜವಾಗಿಯೂ ಮಾಡಬೇಕಾದ ಸಣ್ಣ ಕೆಲಸಗಳಿಗೆ ಕೊರತೆಯಿಲ್ಲ. ಕೊಡಗಿನ ಗ್ರಾಮಗಳ ಪುಟಗಳನ್ನೇ ತೆಗೆದುಕೊಳ್ಳಿ: ಪೊನ್ನಂಪೇಟೆ ಮತ್ತು ಕುಶಾಲನಗರ ಪ್ರತ್ಯೇಕ ತಾಲ್ಲೂಕುಗಳಾದ ಮೇಲೂ ಹಳೆಯ ತಾಲ್ಲೂಕಿನ ಹೆಸರೇ ಉಳಿದುಕೊಂಡಿರುವ ಪುಟಗಳನ್ನು ಹುಡುಕಿ ಸರಿಪಡಿಸುತ್ತ ಹೋದರೆ ಸಂಖ್ಯೆ ತಾನಾಗಿಯೇ ಬೆಳೆಯುತ್ತದೆ.

ಪ್ರವೇಶಿಸುವುದು ಹೇಗೆ?

ವಿಕಿಪೀಡಿಯ ಲೈಬ್ರರಿಯ ತಾಣಕ್ಕೆ ಹೋಗಿ, ಪ್ರವೇಶದ ಗುಂಡಿ ಒತ್ತಿ, ನಿಮ್ಮ ವಿಕಿಪೀಡಿಯ ಖಾತೆಗೆ ಅನುಮತಿ ಕೊಟ್ಟು, ಬಳಕೆಯ ಕರಾರನ್ನು ಓದಿ ಒಪ್ಪಿಕೊಳ್ಳಬೇಕು. ಹೊಸ ಪಾಸ್‌ವರ್ಡ್ ಬೇಕಾಗಿಲ್ಲ. ಆ ಬಳಿಕ ಸಂಗ್ರಹಗಳ ಪಟ್ಟಿ ಕಾಣಿಸುತ್ತದೆ. ಅಲ್ಲಿಂದ ಒಂದು ಸಂಗ್ರಹವನ್ನು ತೆರೆದಾಗ, ನೀವು ಒಂದು ಗ್ರಂಥಾಲಯದೊಳಗೆ ಕುಳಿತಿದ್ದೀರಿ ಎಂದು ಪ್ರಕಾಶಕರ ತಾಣಕ್ಕೆ ತೋರುವಂತೆ ನಡುವೆ ಪ್ರಾಕ್ಸಿ ಸರ್ವರ್ ಕೆಲಸ ಮಾಡುತ್ತದೆ. ಆದುದರಿಂದ ಗೂಗಲ್‌ನಲ್ಲಿ ಹುಡುಕಿ ನೇರವಾಗಿ ಪ್ರಕಾಶಕರ ತಾಣಕ್ಕೆ ಹೋದರೆ ಬೀಗ ಹಾಗೆಯೇ ಇರುತ್ತದೆ. ಲೈಬ್ರರಿಯ ಪುಟದ ಮೂಲಕವೇ ಹೋಗಬೇಕು. "ನನಗೆ ಅರ್ಹತೆ ಇದೆ, ಆದರೂ ಹಣ ಕೇಳುತ್ತಿದೆ" ಎಂದು ಫೋನ್ ಮಾಡುವವರಲ್ಲಿ ಹೆಚ್ಚಿನವರ ತೊಂದರೆ ಇದೊಂದೇ.

ಮುಂದೆ ಎಂದಾದರೂ ಹಣ ಕೇಳುತ್ತಾರೆಯೇ?

ಇಲ್ಲ. ಕಾರ್ಡಿನ ಸಂಖ್ಯೆ ಕೇಳುವ ಪುಟವೊಂದು ಕಂಡರೆ ನೀವು ಬೇರೆಲ್ಲೋ ಇದ್ದೀರಿ ಎಂದರ್ಥ.

ಏನೆಲ್ಲ ಸಿಗುತ್ತದೆ?

ಜೆಸ್ಟೋರ್, ಕೇಂಬ್ರಿಡ್ಜ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಮುದ್ರಣಾಲಯಗಳು, ಟೇಲರ್ ಅಂಡ್ ಫ್ರಾನ್ಸಿಸ್, ಸ್ಪ್ರಿಂಗರ್ ನೇಚರ್, ವೈಲಿ, ಪ್ರಾಜೆಕ್ಟ್ ಮ್ಯೂಸ್, ಪ್ರೊಕ್ವೆಸ್ಟ್ ಇವು ಪಟ್ಟಿಯಲ್ಲಿರುವ ದೊಡ್ಡ ಹೆಸರುಗಳು. ಕೊಡಗಿನ ಇತಿಹಾಸ, ಸಮಾಜ ಮತ್ತು ಭಾಷೆಯನ್ನು ಕುರಿತು ಬರೆಯುವವರಿಗೆ ನಾನು ಮೊದಲು ತೋರಿಸುವುದು ಜೆಸ್ಟೋರ್ ಅನ್ನು: ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯ ಹಳೆಯ ಸಂಚಿಕೆಗಳೂ, ಎಮೆನೊ ಅವರ ಲೇಖನವಿರುವ ಪತ್ರಿಕೆಯೂ ಅಲ್ಲಿವೆ. ಸಸ್ಯ, ಪ್ರಾಣಿ, ಮಣ್ಣು, ಕಾಫಿ ಎಂದರೆ ಸ್ಪ್ರಿಂಗರ್ ಮತ್ತು ವೈಲಿ.

ಕೆಲವು ಸಂಗ್ರಹಗಳು ಈ ಸಾಮಾನ್ಯ ಗೊಂಚಲಿನಲ್ಲಿಲ್ಲ. ಅವುಗಳಿಗೆ ಬೇರೆಯಾಗಿ ಅರ್ಜಿ ಹಾಕಬೇಕು. ಖಾತೆಗಳ ಸಂಖ್ಯೆ ಸೀಮಿತವಾಗಿರುವುದರಿಂದ ಸರದಿಯಲ್ಲಿ ಕಾಯಬೇಕಾಗಬಹುದು. ಸಿಕ್ಕ ಪ್ರವೇಶಕ್ಕೆ ಅವಧಿಯೂ ಇರುತ್ತದೆ. ಇಂತಹ ಅರ್ಜಿಗಳಲ್ಲಿ ಕೆಲವು ಪ್ರಕಾಶಕರು ನಿಜವಾದ ಹೆಸರು, ದೇಶ, ಉದ್ಯೋಗ ಮುಂತಾದ ವಿವರಗಳನ್ನು ಕೇಳುವುದುಂಟು. ಅಡ್ಡಹೆಸರಿನಲ್ಲೇ ಬರೆಯಬೇಕೆಂದಿರುವವರು ಅರ್ಜಿ ತುಂಬುವ ಮೊದಲು ಅದನ್ನು ಗಮನಿಸಬೇಕು.

ಕನ್ನಡದ ಸಾಮಗ್ರಿ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನೂ ಮುಚ್ಚಿಡಬಾರದು. ಕನ್ನಡದ ಪುಸ್ತಕ ಬೇಕಿದ್ದರೆ ಮಡಿಕೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯದ ಮೆಟ್ಟಿಲು ಹತ್ತುವುದೇ ದಾರಿ. ಅಲ್ಲಿಯ ಕಪಾಟಿನಿಂದ ತೆಗೆದ ಮುದ್ರಿತ ಪುಸ್ತಕಕ್ಕೂ ಜೆಸ್ಟೋರ್‌ನ ಲೇಖನಕ್ಕೂ ವಿಕಿಪೀಡಿಯದ ನಿಯಮದಲ್ಲಿ ಮೇಲುಕೀಳು ಇಲ್ಲ.

'ಕೊಡಗು' ಎಂದು ಹುಡುಕಿದೆ. ಬಂದದ್ದು ಕೆಲವೇ ಲೇಖನಗಳು. ಇಷ್ಟೇ ಇರುವುದೇ?

ನಾನು ಮೊದಲ ದಿನ ಮಾಡಿದ ತಪ್ಪೂ ಇದೇ. ಕೊಡಗು ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕಿದೆ; ಬಂದ ಲೇಖನಗಳೆಲ್ಲ ಬಹುತೇಕ ಇತ್ತೀಚಿನವು, ಅದರಲ್ಲೂ ಕಾಡು ಮತ್ತು ಕಾಫಿಗೆ ಸಂಬಂಧಿಸಿದವು. ಇತಿಹಾಸವೆಲ್ಲ ಎಲ್ಲಿ ಹೋಯಿತೆಂದು ಯೋಚಿಸಿ 'ಕೂರ್ಗ್' ಎಂದು ಟೈಪು ಮಾಡಿದಾಗ ಇಡೀ 19ನೆಯ ಶತಮಾನವೇ ಪರದೆಯ ಮೇಲೆ ಬಂದು ನಿಂತಿತು.

ಕಾರಣ ಸರಳವಾಗಿದೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ನಾಡನ್ನು ವಶಪಡಿಸಿಕೊಂಡಂದಿನಿಂದ, 1956ರ ನವೆಂಬರ್ 1ರಂದು ಅದು ಅಂದಿನ ಮೈಸೂರು ರಾಜ್ಯದಲ್ಲಿ ವಿಲೀನವಾಗುವ ತನಕ, ಆಡಳಿತದ ಕಾಗದಗಳಲ್ಲಿ ಇದರ ಹೆಸರು ಕೂರ್ಗ್. ಆದ್ದರಿಂದ ಹುಡುಕುವಾಗ ಕಾಲಕ್ಕೆ ತಕ್ಕ ಹೆಸರನ್ನು ಬಳಸಬೇಕು. ಮಡಿಕೇರಿಗೆ ಮರ್ಕೆರಾ, ಕುಶಾಲನಗರಕ್ಕೆ ಫ್ರೇಸರ್‌ಪೇಟ್, ವಿರಾಜಪೇಟೆಗೆ ವೀರರಾಜೇಂದ್ರಪೇಟೆ ಎಂಬ ಪೂರ್ಣರೂಪ, ಕಾವೇರಿಗೆ 'ಸಿ' ಅಕ್ಷರದಿಂದ ಆರಂಭವಾಗುವ ಹಳೆಯ ಕಾಗುಣಿತ. ಕೊಡವರಿಗೂ ಇದೇ ಮಾತು ಅನ್ವಯಿಸುತ್ತದೆ: ಹಳೆಯ ಬರಹಗಳಲ್ಲಿ ಜನರನ್ನೂ ನಾಡಿನಂತೆಯೇ ಕೂರ್ಗ್ ಎಂದು ಕರೆಯಲಾಗಿದೆ. ಇದರಿಂದ ಇನ್ನೊಂದು ತೊಡಕೂ ಹುಟ್ಟುತ್ತದೆ. ಹಳೆಯ ಲೇಖನದಲ್ಲಿ "ಕೂರ್ಗರು ಹೀಗೆ ಮಾಡುತ್ತಾರೆ" ಎಂದಿದ್ದರೆ ಅದು ಕೊಡವರನ್ನು ಮಾತ್ರ ಕುರಿತದ್ದೋ, ಅರೆಭಾಷೆ ಗೌಡರು, ಯರವರು, ಜೇನುಕುರುಬರು, ಹೆಗ್ಗಡೆಗಳು ಮೊದಲಾದ ಎಲ್ಲರನ್ನೂ ಸೇರಿಸಿ ಹೇಳಿದ್ದೋ ಎಂಬುದನ್ನು ಸಂದರ್ಭ ನೋಡಿ ನಿರ್ಧರಿಸಬೇಕು. ತಿಳಿಯದಿದ್ದರೆ ಆ ವಾಕ್ಯವನ್ನು ಬಳಸದೆ ಬಿಡಬೇಕು.

ಮತ್ತೊಂದು ಎಚ್ಚರಿಕೆ. ಲೈಬ್ರರಿಯ ಮುಖಪುಟದಲ್ಲಿರುವ ಹುಡುಕುಪೆಟ್ಟಿಗೆಯು ಹಲವು ಸಂಗ್ರಹಗಳನ್ನು ಒಟ್ಟಿಗೆ ಜಾಲಾಡುತ್ತದೆ, ಆದರೆ ಎಲ್ಲವನ್ನೂ ಅಲ್ಲ. ಅಲ್ಲಿ ಸಿಗದಿದ್ದರೆ ಆಯಾ ಸಂಗ್ರಹದೊಳಗೆ ಹೋಗಿ ಪ್ರತ್ಯೇಕವಾಗಿ ಹುಡುಕಬೇಕು.

ಇಂಗ್ಲಿಷಿನಲ್ಲಿರುವ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು?

ಊಹೆಯಿಂದ ಬರೆಯಬೇಡಿ. ರೋಮನ್ ಲಿಪಿಯಲ್ಲಿ ದ ಮತ್ತು ಡ, ನ ಮತ್ತು ಣ, ಲ ಮತ್ತು ಳ ಒಂದೇ ಆಗಿಬಿಡುತ್ತವೆ. 1924ರಲ್ಲಿ ಪ್ರಕಟವಾದ, ಕೊಡವ ಜಾನಪದ ಹಾಡುಗಳ ಸಂಗ್ರಹವಾದ 'ಪಟ್ಟೋಲೆ ಪಳಮೆ'ಯನ್ನು ಇಂಗ್ಲಿಷ್ ಲೇಖನದಿಂದ ಎತ್ತಿ 'ಪಲಮೆ' ಎಂದೂ, ಅದನ್ನು ಸಂಗ್ರಹಿಸಿದ ನಡಿಕೇರಿಯಂಡ ಚಿಣ್ಣಪ್ಪನವರನ್ನು 'ಚಿನ್ನಪ್ಪ' ಎಂದೂ ಬರೆದಿರುವುದನ್ನು ನೋಡಿದ್ದೇನೆ. ಪುಸ್ತಕವೇ ಕನ್ನಡ ಲಿಪಿಯಲ್ಲಿದೆ. ಮುಖಪುಟ ನೋಡಿದ್ದರೆ ಸಾಕಿತ್ತು. ಒಕ್ಕದ ಹೆಸರುಗಳಲ್ಲಂತೂ ಒಂದು ಅಕ್ಷರ ತಪ್ಪಿದರೆ ಬೇರೆ ಮನೆತನವೇ ಆಗಿಬಿಡಬಹುದು, ಆ ಮನೆಯವರಿಗೆ ಅದು ನೋವಿನ ವಿಷಯ. ಕನ್ನಡದ ಮುದ್ರಿತ ಆಧಾರ ಸಿಗುವವರೆಗೆ ಆ ಹೆಸರನ್ನು ಬಿಟ್ಟು ಉಳಿದದ್ದನ್ನು ಬರೆಯಬಹುದು.

ಇಳಿಸಿಕೊಂಡ ಪಿಡಿಎಫ್ ಅನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬಹುದೇ?

ಹಾಕಬಾರದು. ಪ್ರವೇಶ ನಿಮ್ಮ ಖಾತೆಗೆ ಮಾತ್ರ ಸಿಕ್ಕಿರುವುದು. ಪಾಸ್‌ವರ್ಡ್ ಕೊಡುವುದು, ಕಡತವನ್ನು ಹಂಚುವುದು, ಒಂದು ಪತ್ರಿಕೆಯ ಸಂಚಿಕೆಗಳನ್ನೆಲ್ಲ ಸಾಲಾಗಿ ಇಳಿಸಿಟ್ಟುಕೊಳ್ಳುವುದು ಕರಾರಿಗೆ ವಿರುದ್ಧ. ಹೀಗೆ ಮಾಡಿದರೆ ಪ್ರಕಾಶಕರು ದೂರುವುದು ನಿಮ್ಮೊಬ್ಬರನ್ನಲ್ಲ, ಇಡೀ ಲೈಬ್ರರಿಯನ್ನು.

"ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಇದ್ದಾಗಲೇ ಎಲ್ಲವನ್ನೂ ಇಳಿಸಿಟ್ಟುಕೊಳ್ಳೋಣ" ಎಂಬ ಆಸೆ ನನಗೂ ಬಂದಿದೆ. ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇನೆ: ಯಾವ ಲೇಖನವನ್ನು ತಿದ್ದಬೇಕೆಂದು ಮೊದಲೇ ನಿರ್ಧರಿಸಿ, ಅದಕ್ಕೆ ಬೇಕಾದ ಎರಡೋ ಮೂರೋ ಪ್ರಬಂಧಗಳನ್ನಷ್ಟೇ ತೆಗೆದು, ಓದುತ್ತ ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತೇನೆ. ನೋಟ್‌ಪುಸ್ತಕಕ್ಕೆ ಕರೆಂಟು ಬೇಕಾಗಿಲ್ಲ.

ಉಲ್ಲೇಖ ಕೊಡುವಾಗ ಯಾವ ಕೊಂಡಿ ಹಾಕಬೇಕು?

ಲೈಬ್ರರಿಯ ಮೂಲಕ ಪ್ರಬಂಧವನ್ನು ತೆರೆದಾಗ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಪ್ರಕಾಶಕರ ಹೆಸರಿನ ಜೊತೆಗೆ 'ವಿಕಿಪೀಡಿಯಲೈಬ್ರರಿ ಡಾಟ್ ಐಡಿಎಂ ಡಾಟ್ ಒಸಿಎಲ್‌ಸಿ ಡಾಟ್ ಆರ್ಗ್' ಎಂಬ ಬಾಲವೂ ಕಾಣಿಸುತ್ತದೆ. ಅದು ಪ್ರಾಕ್ಸಿಯ ವಿಳಾಸ. ಅದನ್ನು ಹಾಗೆಯೇ ನಕಲಿಸಿ ಉಲ್ಲೇಖದಲ್ಲಿ ಅಂಟಿಸಬಾರದು. ನನ್ನ ಮೊದಲ ಉಲ್ಲೇಖದಲ್ಲಿ ನಾನು ಅಂಟಿಸಿದ್ದು ಅದನ್ನೇ, ಕೆಲವು ದಿನಗಳ ನಂತರ ಓದುಗರೊಬ್ಬರು ಚರ್ಚೆ ಪುಟದಲ್ಲಿ "ಕೊಂಡಿ ಒತ್ತಿದರೆ ಲಾಗಿನ್ ಆಗು ಎನ್ನುತ್ತಿದೆ, ನಿಮ್ಮ ಆಧಾರ ಎಲ್ಲಿದೆ?" ಎಂದು ಕೇಳಿದಾಗಲೇ ತಪ್ಪು ತಿಳಿದದ್ದು.

ಪ್ರಬಂಧಕ್ಕೆ ಡಿಒಐ ಸಂಖ್ಯೆ (ಪ್ರಬಂಧವನ್ನು ಗುರುತಿಸಲು ಕೊಡುವ ಶಾಶ್ವತ ಸಂಖ್ಯೆ) ಇದ್ದರೆ ಅದನ್ನು ಕೊಡಿ. ಜೆಸ್ಟೋರ್‌ನಲ್ಲಿ ಪ್ರತಿ ಲೇಖನಕ್ಕೂ ಇರುವ ಸ್ಥಿರ ಸಂಖ್ಯೆಯನ್ನು ಕೊಟ್ಟರೂ ಸರಿ. ಅದಕ್ಕಿಂತಲೂ ಮುಖ್ಯವಾದದ್ದು ಉಳಿದ ವಿವರ: ಲೇಖಕರ ಹೆಸರು, ಪ್ರಬಂಧದ ಶೀರ್ಷಿಕೆ, ಪತ್ರಿಕೆ, ಸಂಪುಟ, ಸಂಚಿಕೆ, ವರ್ಷ ಮತ್ತು ಪುಟಸಂಖ್ಯೆ. ಕೊಂಡಿ ನಾಳೆ ಸತ್ತರೂ ಈ ವಿವರಗಳಿದ್ದರೆ ಪ್ರಬಂಧ ಸಿಗುತ್ತದೆ. ಪುಟಸಂಖ್ಯೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಮುನ್ನೂರು ಪುಟಗಳ ಗ್ರಂಥಕ್ಕೆ ಪುಟಸಂಖ್ಯೆಯಿಲ್ಲದ ಉಲ್ಲೇಖ ಕೊಡುವುದು, ಮನೆ ಎಲ್ಲಿ ಎಂದು ಕೇಳಿದವರಿಗೆ "ಕೊಡಗಿನಲ್ಲಿ" ಎಂದಂತೆ.

ಓದುಗರು ತೆರೆದು ನೋಡಲಾಗದ ಪ್ರಬಂಧವನ್ನು ಆಧಾರವಾಗಿ ಕೊಡುವುದು ನ್ಯಾಯವೇ?

ವಿಕಿಪೀಡಿಯದ ನಿಯಮ ಅದಕ್ಕೆ ಒಪ್ಪುತ್ತದೆ. ಪರಿಶೀಲಿಸಲು ಸಾಧ್ಯವಿರಬೇಕು ಎಂಬುದು ನಿಯಮವೇ ಹೊರತು ಉಚಿತವಾಗಿ, ಸುಲಭವಾಗಿ ಸಾಧ್ಯವಿರಬೇಕು ಎಂದಲ್ಲ. ಆದರೆ ಅದೇ ವಿಷಯಕ್ಕೆ ಅಷ್ಟೇ ಗುಣಮಟ್ಟದ ಮುಕ್ತ ಆಧಾರವಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಅಂತಹ ಆಧಾರ ಇಲ್ಲದಿರುವಾಗ, ವಿವಾದ ಹುಟ್ಟಬಹುದಾದ ಮಾತಿಗೆ ಮೂಲದ ಒಂದು ಚಿಕ್ಕ ವಾಕ್ಯವನ್ನು ಉಲ್ಲೇಖದೊಳಗೇ ಉದ್ಧರಿಸಿಟ್ಟರೆ ಓದುಗರಿಗೆ ಉಪಕಾರವಾಗುತ್ತದೆ.

ಒಳ್ಳೆಯ ಪ್ರಬಂಧ ಸಿಕ್ಕಿದರೆ ಅದನ್ನು ಪೂರ್ತಿಯಾಗಿ ಕನ್ನಡಕ್ಕೆ ಅನುವಾದಿಸಿ ಹಾಕಬಹುದೇ?

ಹಕ್ಕುಸ್ವಾಮ್ಯವಿರುವ ಬರಹದ ಅನುವಾದಕ್ಕೂ ಅನುಮತಿ ಬೇಕು. ಓದಲು ಸಿಕ್ಕಿದೆ ಎಂದರೆ ನಕಲು ಮಾಡಲು ಸಿಕ್ಕಿದೆ ಎಂದಲ್ಲ. ಪ್ರಬಂಧ ಏನು ಹೇಳುತ್ತದೆ ಎಂಬುದನ್ನು ಅರ್ಥಮಾಡಿಕೊಂಡು, ಕಡತವನ್ನು ಮುಚ್ಚಿ, ನಿಮ್ಮದೇ ವಾಕ್ಯದಲ್ಲಿ ಬರೆದು, ಆಮೇಲೆ ಕಡತ ತೆರೆದು ಅಂಕಿಅಂಶಗಳನ್ನು ಸರಿನೋಡಿ. ಯಂತ್ರಾನುವಾದಕ್ಕೆ ಕೊಟ್ಟು ಬಂದದ್ದನ್ನು ಅಂಟಿಸಿದ ಲೇಖನಗಳು ನೋಡಿದ ಕೂಡಲೇ ಗುರುತು ಸಿಗುತ್ತವೆ. ಅಲ್ಲಿ ಕಾಫಿ ಗಿಡದ ಬಿಳಿ ಕಾಂಡಕೊರಕ ಎಂಬ ಕೀಟ 'ಬಿಳಿ ಕಾಂಡ ಬೋರರ್' ಆಗಿ ತೆವಳುತ್ತಿರುತ್ತದೆ.

ಹಕ್ಕುಸ್ವಾಮ್ಯ ಮುಗಿದ ಬರಹದ ವಿಷಯ ಬೇರೆ. ಭಾರತದಲ್ಲಿ ಲೇಖಕರು ತೀರಿಕೊಂಡ ನಂತರ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿ ಆಮೇಲೆ ಕೊಡಗಿನಲ್ಲಿ ಕೆಲಸ ಮಾಡಿದ ಹರ್ಮನ್ ಮೊಗ್ಲಿಂಗ್ ಅವರ 1855ರ ಕೊಡಗು ವೃತ್ತಾಂತವನ್ನಾಗಲಿ, ಬಿ.ಎಲ್. ರೈಸ್ ಅವರು 1886ರಲ್ಲಿ ಹೊರತಂದ ಕೊಡಗಿನ ಶಾಸನಗಳ ಸಂಪುಟವನ್ನಾಗಲಿ ಧಾರಾಳವಾಗಿ ಅನುವಾದಿಸಬಹುದು. ಮೊಗ್ಲಿಂಗ್ ಪಾದ್ರಿ, ರೈಸ್ ಬ್ರಿಟಿಷ್ ಅಧಿಕಾರಿ ಎಂಬುದನ್ನು ಮಾತ್ರ ಓದುವಾಗ ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಅಭಿಪ್ರಾಯವಿದ್ದಲ್ಲಿ "ಮೊಗ್ಲಿಂಗ್ ಬರೆಯುವಂತೆ" ಎಂದು ಹೆಸರು ಹಿಡಿದು ಹೇಳಬೇಕು.

ಮದ್ದುಸೊಪ್ಪಿನ ಬಗ್ಗೆ ಪ್ರಯೋಗಾಲಯದ ಪ್ರಬಂಧ ಸಿಕ್ಕಿದೆ. ಅದರ ಔಷಧೀಯ ಗುಣಗಳನ್ನೆಲ್ಲ ಬರೆಯಬಹುದೇ?

ಈ ಪ್ರಶ್ನೆ ಪ್ರತಿ ವರ್ಷ ಕೊಡವ ಪಂಚಾಂಗದ ಕಕ್ಕಡ ತಿಂಗಳಿನಲ್ಲಿ ಬರುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಕಕ್ಕಡದ 18ನೆಯ ದಿನ, ಅಂದರೆ ಸಾಮಾನ್ಯವಾಗಿ ಆಗಸ್ಟ್ 3ರಂದು, ಈ ಸೊಪ್ಪಿನಲ್ಲಿ 18 ಬಗೆಯ ಔಷಧಗಳು ಸೇರಿರುತ್ತವೆ ಎಂಬುದು ನಂಬಿಕೆ. ಎಲೆ ಮತ್ತು ಕಾಂಡವನ್ನು ಬೇಯಿಸಿದಾಗ ನೀರು ಕಡುನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಉಂಡವರಿಗೆ ಮರುದಿನ ಮೂತ್ರದ ಬಣ್ಣವೂ ಕೆಂಪಾಗುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಜಸ್ಟಿಸಿಯ ವಯನಾಡೆನ್ಸಿಸ್, ಆಡುಸೋಗೆಯ ಕುಟುಂಬಕ್ಕೇ ಸೇರಿದ ಗಿಡ. ಎಲೆಯ ಸಾರದಲ್ಲಿ ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಗುಣವಿರುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ.

ಈಗ ನೋಡಿ, ಇಲ್ಲಿರುವುದು ಮೂರು ಬೇರೆ ಬೇರೆ ಜಾತಿಯ ಮಾತುಗಳು, ಮೂರಕ್ಕೂ ಬೇರೆ ಬೇರೆ ಆಧಾರ ಬೇಕು. ಆಚರಣೆಯ ವಿವರಕ್ಕೆ ಜಾನಪದ ಗ್ರಂಥವೋ ಒಳ್ಳೆಯ ಪತ್ರಿಕಾ ಲೇಖನವೋ ಸಾಕು. ಗಿಡದ ವರ್ಣನೆಗೆ ಸಸ್ಯಶಾಸ್ತ್ರದ ಗ್ರಂಥ ಬೇಕು. ಮೂರನೆಯದರಲ್ಲೇ ಕಾಲು ಜಾರುವುದು. ಪರೀಕ್ಷಾನಳಿಕೆಯಲ್ಲಿ ಕಂಡ ಗುಣ ಮನುಷ್ಯರ ಕಾಯಿಲೆಯನ್ನು ವಾಸಿಮಾಡುತ್ತದೆ ಎಂಬುದಕ್ಕೆ ಪುರಾವೆಯಲ್ಲ. ಆರೋಗ್ಯದ ವಿಷಯಕ್ಕೆ ಬಿಡಿ ಪ್ರಯೋಗದ ವರದಿಗಿಂತ, ಹಲವು ಅಧ್ಯಯನಗಳನ್ನು ತೂಗಿ ಬರೆದ ವಿಮರ್ಶಾ ಪ್ರಬಂಧವನ್ನೇ ವಿಕಿಪೀಡಿಯ ಬಯಸುತ್ತದೆ. ಆದ್ದರಿಂದ "ಮದ್ದುಸೊಪ್ಪು ಸಕ್ಕರೆ ಕಾಯಿಲೆಗೆ ರಾಮಬಾಣ" ಎಂದು ಬರೆಯಬೇಡಿ. "18 ಔಷಧಗಳಿವೆ ಎಂಬ ನಂಬಿಕೆಯಿದೆ" ಎಂದು ಒಂದು ಕಡೆಯೂ, "ಎಲೆಯ ಸಾರದ ಪ್ರಯೋಗಾಲಯದ ಪರೀಕ್ಷೆಯಲ್ಲಿ ಉತ್ಕರ್ಷಣ ನಿರೋಧಕ ಗುಣ ಕಂಡುಬಂದಿದೆ" ಎಂದು ಇನ್ನೊಂದು ಕಡೆಯೂ ಬರೆದು, ಎರಡನ್ನೂ ಹೊಲಿದು ಒಂದೇ ವಾಕ್ಯ ಮಾಡದಿದ್ದರೆ ಆಯಿತು. ಹೀಗೆ ಹೇಳಿದ್ದಕ್ಕೆ ನನ್ನ ಮನೆಯಲ್ಲೇ ಅಸಮಾಧಾನವಿದೆ. ಪಾಯಸವನ್ನಂತೂ ನಾನು ಬಿಟ್ಟಿಲ್ಲ.

ನಮ್ಮ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ಹಳೆಯ ಕಾಗದಪತ್ರಗಳಿವೆ. ಪ್ರಬಂಧಗಳಿಗಿಂತ ಅವು ನಿಖರವಾಗಿವೆ. ಅವನ್ನು ಆಧಾರವಾಗಿ ಕೊಡಬಹುದೇ?

ನಿಖರವಾಗಿರಬಹುದು. ಆದರೂ ಪ್ರಕಟವಾಗದ ಕಾಗದವನ್ನು ವಿಕಿಪೀಡಿಯ ಆಧಾರವೆಂದು ಒಪ್ಪುವುದಿಲ್ಲ, ಏಕೆಂದರೆ ಬೀದರಿನಲ್ಲಿ ಕುಳಿತ ಓದುಗರು ನಿಮ್ಮ ಮನೆಯ ಪೆಟ್ಟಿಗೆ ತೆರೆದು ನೋಡಲಾರರು. ಹಿರಿಯರು ಹೇಳಿದ ಮಾತಿಗೂ ಇದೇ ತೊಡಕು. ಅವನ್ನು ಸಂಶೋಧಕರಿಗೆ ತೋರಿಸಿ, ಯಾರಾದರೂ ಅದರ ಮೇಲೆ ಬರೆದು ಪ್ರಕಟಿಸಿದ ನಂತರ ನಾವು ಉಲ್ಲೇಖಿಸಬಹುದು. ಈ ನಿಯಮ ನಮ್ಮಂತಹ ನಾಡಿಗೆ ಅನ್ಯಾಯ ಮಾಡುತ್ತದೆ ಎಂಬ ದೂರಿನಲ್ಲಿ ಹುರುಳಿದೆಯೆಂದೇ ನನ್ನ ಅಭಿಪ್ರಾಯ, ಆದರೆ ನಿಯಮ ಹಾಗಿದೆ.

ಪ್ರಬಂಧದಲ್ಲೇ ತಪ್ಪಿದ್ದರೆ?

ತಜ್ಞರು ಪರಿಶೀಲಿಸಿದ ಪ್ರಬಂಧದಲ್ಲೂ ಊರಿನ ಹೆಸರು, ಹಬ್ಬದ ತಿಂಗಳು, ಸಂಬಂಧವಾಚಕಗಳು ತಪ್ಪಾಗಿರುವುದುಂಟು. ಅದನ್ನು ಆಧಾರವಿಲ್ಲದೆ ನೀವೇ ತಿದ್ದಿ ಬರೆಯಬಾರದು. ತಪ್ಪೆಂದು ತಿಳಿದೂ ನಕಲು ಮಾಡಲೂ ಬಾರದು. ಆ ವಿವರವನ್ನು ಬಿಟ್ಟುಬಿಡಲು ನಿಮಗೆ ಸ್ವಾತಂತ್ರ್ಯವಿದೆ. ಬೇರೊಂದು ಪ್ರಕಟಿತ ಆಧಾರ ಸರಿಯಾದದ್ದನ್ನು ಹೇಳುತ್ತಿದ್ದರೆ ಅದನ್ನು ಬಳಸಿ, ಕಾರಣವನ್ನು ಚರ್ಚೆ ಪುಟದಲ್ಲಿ ಬರೆಯಿರಿ. ಇಬ್ಬರು ವಿದ್ವಾಂಸರಲ್ಲಿ ನಿಜವಾದ ಭಿನ್ನಾಭಿಪ್ರಾಯವಿದ್ದರೆ ಇಬ್ಬರ ಮಾತನ್ನೂ ಹೇಳಿ. ಗೊಂದಲ ಹೆಚ್ಚಾದರೆ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟವಾದ ಅರಳಿ ಕಟ್ಟೆಯಲ್ಲಿ ಕೇಳಿ. ಅಲ್ಲಿ ಯಾರಾದರೂ ಉತ್ತರಿಸುತ್ತಾರೆ, ತಡವಾಗಿಯಾದರೂ.

ನನಗೆ ಇನ್ನೂ 500 ಸಂಪಾದನೆಗಳಾಗಿಲ್ಲ. ಅಲ್ಲಿಯವರೆಗೆ ಏನು ಮಾಡಲಿ?

ಬೇಕಾದಷ್ಟಿದೆ. ಜೆಸ್ಟೋರ್‌ನಲ್ಲಿ ಯಾರು ಬೇಕಾದರೂ ವೈಯಕ್ತಿಕ ಖಾತೆ ತೆರೆದು ತಿಂಗಳಿಗೆ 100 ಲೇಖನಗಳನ್ನು ಪರದೆಯ ಮೇಲೆ ಉಚಿತವಾಗಿ ಓದಬಹುದು. ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾದಲ್ಲಿ ಭಾರತದ ವಿಶ್ವವಿದ್ಯಾನಿಲಯಗಳ ಪಿಎಚ್‌ಡಿ ಮಹಾಪ್ರಬಂಧಗಳಿವೆ. ಅವುಗಳಲ್ಲಿ ಕನ್ನಡದಲ್ಲಿ ಬರೆದವೂ ಇವೆ. ಕರೆಂಟ್ ಸೈನ್ಸ್ ಪತ್ರಿಕೆಯನ್ನು ಓದಲು ಹಣ ಬೇಕಿಲ್ಲ. 2018ರ ಮಳೆಯ ನಂತರ ಪಶ್ಚಿಮಘಟ್ಟದ ಭೂಕುಸಿತಗಳನ್ನು ಉಪಗ್ರಹದ ಚಿತ್ರಗಳಿಂದ ಗುರುತಿಸಿದ ವರದಿ ಅಲ್ಲಿದೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಗ್ರಂಥಗಳಿಗೆ ಇಂಟರ್‌ನೆಟ್ ಆರ್ಕೈವ್ ಇದೆ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದ್ದರಿಂದ, ಮೂಲವನ್ನು ಹೆಸರಿಸಿ ಆ ಬರಹಗಳನ್ನೇ ಬಳಸಿಕೊಳ್ಳಲೂ ಅವಕಾಶವಿದೆ.

ಪ್ರಬಂಧದ ಲೇಖಕರಿಗೆ ಒಂದು ಮರ್ಯಾದೆಯ ಇಮೇಲ್ ಬರೆದು ಪ್ರತಿ ಕೇಳುವುದು ಇವೆಲ್ಲಕ್ಕಿಂತ ಹಳೆಯ ಉಪಾಯ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರ ಇವೆಲ್ಲ ನಮ್ಮ ಜಿಲ್ಲೆಯೊಳಗೇ ಇವೆ ಎಂಬುದನ್ನೂ ಮರೆಯಬಾರದು.

'ಒಂದು ರಾಷ್ಟ್ರ ಒಂದು ಚಂದಾ' ಬಂದ ಮೇಲೆ ಇದೆಲ್ಲ ಇನ್ನೂ ಬೇಕೇ?

ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಅನುಮೋದಿಸಿದ ಆ ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಇಡಲಾಗಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಅದರ ವ್ಯಾಪ್ತಿಯಲ್ಲಿವೆ. ಆದರೆ ಅದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳು ಹಾಗೂ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಗಳಲ್ಲಿ ಇರುವವರಿಗೆ. ನೀವು ಅಂತಹ ಕಾಲೇಜಿನ ವಿದ್ಯಾರ್ಥಿಯೋ ಅಧ್ಯಾಪಕರೋ ಆಗಿದ್ದರೆ ಮೊದಲು ನಿಮ್ಮ ಗ್ರಂಥಪಾಲಕರನ್ನು ವಿಚಾರಿಸಿ. ತೋಟದ ಲೈನ್‌ಮನೆಯಿಂದಲೋ ಪೇಟೆಯ ಅಂಗಡಿಯಿಂದಲೋ ಬರೆಯುವವರನ್ನು ಆ ಯೋಜನೆ ತಲುಪುವುದಿಲ್ಲ.

ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಇರುವುದಿಲ್ಲ. ತಿಂಗಳಿಗೆ 10 ಸಂಪಾದನೆ ಆಗದಿದ್ದರೆ ಪ್ರವೇಶ ರದ್ದಾಗುತ್ತದೆಯೇ?

ರದ್ದಾಗುವುದಿಲ್ಲ, ತಾತ್ಕಾಲಿಕವಾಗಿ ನಿಲ್ಲುತ್ತದೆ. 500 ಸಂಪಾದನೆ ಮತ್ತು 6 ತಿಂಗಳ ಷರತ್ತುಗಳು ಒಮ್ಮೆ ಪೂರೈಸಿದರೆ ಮುಗಿಯಿತು. ಇತ್ತೀಚಿನ 10 ಸಂಪಾದನೆಗಳ ಷರತ್ತನ್ನು ಮತ್ತೆ ಮತ್ತೆ ನೋಡಲಾಗುತ್ತದೆ. ಮರ ಬಿದ್ದು ಲೈನ್ ತುಂಡಾಗಿ ಜುಲೈ ಪೂರ್ತಿ ಕತ್ತಲಲ್ಲಿ ಕಳೆದಿದ್ದರೂ, ನೆಟ್‌ವರ್ಕ್ ಬಂದ ದಿನ ಕುಳಿತು 10 ಸಂಪಾದನೆ ಮಾಡಿದರೆ ಬಾಗಿಲು ಪುನಃ ತೆರೆದುಕೊಳ್ಳುತ್ತದೆ. ಹೊಸ ಅರ್ಜಿ ಬೇಕಿಲ್ಲ. ಅಂತಹ ದಿನಕ್ಕೆಂದೇ ನಾನು ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಪುಟಸಂಖ್ಯೆಯಿಲ್ಲದ ಉಲ್ಲೇಖಗಳ ಪಟ್ಟಿ ಬರೆದಿಟ್ಟುಕೊಂಡಿರುತ್ತೇನೆ.